ಕರೆಯಲೊಲ್ಲದ ಹುಡುಗಿ

ಮೊದಲು ಕಂಡದ್ದು ಊಟದ ಹೊತ್ತಿನಲ್ಲಿ. ನನ್ನ ನೆಗೆಣ್ಣಿ, ಭಾವನವರ ಹೆಂಡತಿ ಗುರವ್ವ ರೊಟ್ಟಿ ಬಡಿಯುತ್ತ, "ನೀಲಾ, ದೊಡ್ಡಪ್ಪನ್ನ ಊಟಕ್ಕ ಕರಿ ಹೋಗವ್ವಾ" ಎಂದಳು. ಆರು ವರ್ಷದ ನನ್ನ ಮಗಳು ಪಡಸಾಲೆಯ ಬಾಗಿಲವರೆಗೆ ಹೋದಳು. ದೊಡ್ಡಪ್ಪ ಅಲ್ಲೇ ಕೂತಿದ್ದರು. ಅವಳು ಬಾಯಿ ತೆರೆಯಲಿಲ್ಲ. ಹತ್ತಿರ ಹೋಗಿ ಅವರ ಧೋತರ ಹಿಡಿದು ಎಳೆದಳು.

ನಾಚಿಕೆ ಇರಬೇಕು ಎಂದುಕೊಂಡೆ. ಹೊಸ ಮನೆ, ಹೊಸ ಊರು.

ಹಮ್ಮಿಗಿಯಲ್ಲಿ ಹೊಳೆ ನಮ್ಮ ಮನೆ ಹೊಕ್ಕು ವಾರವೂ ಆಗಿರಲಿಲ್ಲ. ಹಿಂದಿನ ಗೋಡೆ ಕುಸಿದಿತ್ತು. ಹಾಲು ಕೊಡುವ ಎಮ್ಮೆ ಮಗುವಿನ ಕಣ್ಣೆದುರೇ ತೇಲಿಹೋಗಿತ್ತು. ಗೋಡೆ ಎಬ್ಬಿಸಲು ಯಜಮಾನರು ಅಲ್ಲೇ ಉಳಿದು, ನಮ್ಮಿಬ್ಬರನ್ನು ಮುಂಡರಗಿಯಲ್ಲಿದ್ದ ತಮ್ಮ ಅಣ್ಣನ ಮನೆಗೆ ಕಳಿಸಿದ್ದರು. ಹೊಳೆಯ ಆಚೆ ಮದ್ರಾಸ್ ಸರ್ಕಾರ, ಈಚೆ ನಮ್ಮ ಮುಂಬಯಿ ಸರ್ಕಾರ. ಕನ್ನಡದವರೆಲ್ಲ ಇಂದಲ್ಲ ನಾಳೆ ಒಂದಾಗುತ್ತೇವೆ ಎಂದು ಭಾವನವರ ಪಡಸಾಲೆಯಲ್ಲಿ ದಿನವೂ ಮಾತು ನಡೆಯುತ್ತಿತ್ತು. ನನಗೆ ಅದು ಯಾವುದೂ ತಲೆಗೆ ಹೋಗುತ್ತಿರಲಿಲ್ಲ.

ನೀಲಾ ನನ್ನನ್ನೂ ಕರೆಯುವುದನ್ನು ಬಿಟ್ಟಳು.

ಹಸಿವಾದರೆ ಬಂದು ಸೆರಗು ಎಳೆಯುವಳು. ಬಿದ್ದು ಮೊಣಕಾಲು ತರಚಿದರೂ ಅವ್ವಾ ಎನ್ನಲಿಲ್ಲ. ಆಮೇಲೆ ಇದ್ದ ನಾಲ್ಕು ಮಾತೂ ನಿಂತವು. ಹಾಸಿಗೆ ಒದ್ದೆಯಾಗತೊಡಗಿತು. ಸಂಜೆಯಾದರೆ ಮೈ ಬಿಸಿ. ರೊಟ್ಟಿ ಮುರಿದು ಬಾಯಿಗಿಟ್ಟರೆ ಒಂದು ದವಡೆಯಲ್ಲಿ ಇಟ್ಟುಕೊಂಡು ಕೂತುಬಿಡುವಳು. ಎಣ್ಣೆ ಹಚ್ಚುವಾಗ ಪಕ್ಕೆಲುಬು ಕೈಗೆ ಹತ್ತುತ್ತಿದ್ದವು. ಇವಳು ನನಗೆ ಉಳಿಯುವುದಿಲ್ಲ ಎಂಬ ಹೆದರಿಕೆ ಹಿಡಿಯಿತು.

ಗುರವ್ವನ ಮೇಲೆ ನನಗೆ ಮದುವೆಯಾದಂದಿನಿಂದ ಅನುಮಾನ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ನಾನಿಲ್ಲದಾಗ ಹುಡುಗಿಯನ್ನು ಹೆದರಿಸುತ್ತಾಳೆ, ಬಂದು ಬಿದ್ದವರೆಂದು ಚಿವುಟುತ್ತಾಳೆ ಎಂದು ಲೆಕ್ಕ ಹಾಕಿದೆ. ನೀರೆರೆಯುವಾಗ ನೀಲಾಳ ರಟ್ಟೆ, ತೊಡೆ ತಿರುಗಿಸಿ ಗುರುತು ಹುಡುಕುತ್ತಿದ್ದೆ. ಗುರವ್ವ ಕೊಟ್ಟ ಹಾಲನ್ನು ಮೂಸಿಯೇ ಕುಡಿಸುತ್ತಿದ್ದೆ. ಒಂದು ದಿನ ಅವಳು ನೋಡಿಬಿಟ್ಟಳು.

"ಏನ್ ಮೂಸ್ತೀ? ವಿಷಾ ಹಾಕೀನೇನು?"

"ಹೊಗಿ ವಾಸನಿ ಬಂದಂಗಾತಕ್ಕ" ಎಂದೆ. ಅವಳು ನಂಬಲಿಲ್ಲ. ಅಂದಿನಿಂದ ಒಲೆಯ ಮುಂದೆ ನಮ್ಮ ಮಾತು ಉಪ್ಪು, ಖಾರಕ್ಕೆ ಮಾತ್ರ.

ಭಾವನವರು ಬಸ್ಸಿನಲ್ಲಿ ಗದಗಿಗೆ ಕರೆದೊಯ್ದರು. ಡಾಕ್ಟರ್ ಥರ್ಮಾಮೀಟರ್ ಇಟ್ಟರು, ಬ್ಯಾಟರಿ ಬೆಳಕು ಬಿಟ್ಟು ಗಂಟಲು ನೋಡಿದರು.

"ಟಾನ್ಸಿಲ್ ಇಲ್ಲ. ಗಂಟಲಾ ಚಲೋ ಐತಿ. ಮಾತಾಡಾಕ ಏನೂ ಅಡ್ಡಿ ಇಲ್ಲ ನೋಡ್ರಿ. ನೀರು ನೋಡಿ ಶಾಕ್ ಆಗೇತಿ. ಟಾನಿಕ್ ಕೊಡ್ತೀನಿ. ಬೈಬ್ಯಾಡ್ರಿ, ಒತ್ತಾಯ ಮಾಡಬ್ಯಾಡ್ರಿ."

ಗೊತ್ತಿಲ್ಲ ಎನ್ನುವುದಕ್ಕೆ ಡಾಕ್ಟರರು ಇಟ್ಟುಕೊಂಡ ಹೆಸರು ಶಾಕ್ ಎಂದುಕೊಂಡೆ. ನೀರನ್ನು ನಾನೂ ನೋಡಿದ್ದೆ. ನನ್ನ ಬಾಯಿ ನಿಂತಿರಲಿಲ್ಲವಲ್ಲ. ಟಾನಿಕ್ಕನ್ನೂ ಮೊದಲು ನಾನೇ ಕುಡಿದು ನೋಡಿದೆ.

ಹುಣ್ಣಿಮೆಯ ಬೆಳಿಗ್ಗೆ ಗುರವ್ವ ಹಿತ್ತಲ ಬಾವಿಗೆ ಹೊರಟಳು. ನೀಲಾ ಹಿಂದೆಯೇ ಹೋದಳು. ಇವತ್ತು ಗುರವ್ವ ಕೈಗೆ ಸಿಕ್ಕಳು ಎಂದು ನಾನು ಕದದ ಸಂದಿಯಲ್ಲಿ ನಿಂತೆ. ಗುರವ್ವ ನೀರು ಸೇದಿ, ಕೊಡಕ್ಕೆ ಕುಂಕುಮ ಹಚ್ಚಿ, ಕೈಮುಗಿದಳು.

"ಗಂಗವ್ವ ತಾಯಿ, ನಮ್ಮ ಮನಿಗೆ ಬಾರವ್ವ..."

ನೀಲಾ ಹಾರಿ ಅವಳ ಬಾಯಿ ಮುಚ್ಚಿದಳು.

"ಕರೀಬ್ಯಾಡ ದೊಡ್ಡವ್ವಾ. ಬರ್ತಾಳ. ನಾ ಕರದಿದ್ದೆ, ಬಂದ್ಲು."

ಆಗ ನನಗೆ ನೆನಪಾಯಿತು. ಹೊಳೆಗೆ ಹೊಸ ನೀರು ಬಂದಾಗ ಉಡಿ ತುಂಬಿ, ಒಂದು ತಂಬಿಗೆ ನೀರು ಮನೆಗೆ ತರುವುದು ನಮ್ಮ ಪದ್ಧತಿ. ಈ ಸಲ ತಂಬಿಗೆಯನ್ನು ನೀಲಾಳ ಕೈಗೆ ಕೊಟ್ಟಿದ್ದೆವು. ಹೊಸ ಪರಕಾರ ಉಟ್ಟು, ದಂಡೆಯಲ್ಲಿ ನಿಂತು, ಎಲ್ಲರಿಗಿಂತ ಜೋರಾಗಿ ಗಂಗವ್ವನನ್ನು ಮನೆಗೆ ಕರೆದಿದ್ದಳು. ಹೆಂಗಸರೆಲ್ಲ ನಕ್ಕು ಮುದ್ದಾಡಿದ್ದರು. ಮರುದಿನ ಹೊಳೆ ಹೊಸ್ತಿಲು ದಾಟಿ ಒಳಗೆ ಬಂತು. ಅಷ್ಟು ದಿನ ಆ ಭಾರವನ್ನು ಈ ಕೂಸು ಒಬ್ಬಳೇ ಹೊತ್ತಿದ್ದಳು. ನಾನು ಅವಳ ಮೈಮೇಲೆ ಚಿವುಟಿದ ಗುರುತು ಹುಡುಕುತ್ತಿದ್ದೆ.

ಗುರವ್ವ ಗಾಬರಿಯಾಗಲಿಲ್ಲ, ಗದರಿಸಲೂ ಇಲ್ಲ. ಬಾವಿಕಟ್ಟೆಯ ಮೇಲೆ ಕೂತು ಅವಳನ್ನು ತೊಡೆಗೆ ಎಳೆದುಕೊಂಡಳು.

"ನೀ ಕರದಿ ಅಂತ ಬಂದಾಳೇನು? ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಹುಣ್ಣಿವಿಗೊಮ್ಮೆ ಕರೀತೀನವ್ವ. ಒಂದು ಮೆಟ್ಲ ಮ್ಯಾಲ ಬಂದಿಲ್ಲ. ಬ್ಯಾಸಗ್ಯಾಗ ಇನ್ನೂ ಕೆಳಗ ಹೊಕ್ಕಾಳ. ನಮ್ಮ ಮಾತು ಕೇಳಾಕಿ ಅಲ್ಲ ಅಕಿ."

"ಎಮ್ಮಿ?" ಎಂದಳು ನೀಲಾ.

"ಎಮ್ಮಿನೂ ನೀ ಕಳಿಸಿಲ್ಲ."

ಆಮೇಲೆ ಗುರವ್ವ ಬಾವಿಯೊಳಗೆ ಬಾಗಿ, ಓಣಿಗೆಲ್ಲ ಕೇಳುವಂತೆ ಗಂಗವ್ವನನ್ನು ಕರೆದಳು. ನಾನೂ ಹೊರಗೆ ಬಂದೆ. ಮೂವರೂ ಕೆಳಗೆ ನೋಡುತ್ತ ನಿಂತೆವು. ನೀರು ಇದ್ದಲ್ಲೇ ಇತ್ತು. ನೀಲಾ ಬಹಳ ಹೊತ್ತು ನೋಡಿದಳು. ನೆರೆ ಬಂದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಅತ್ತಳು.

ಗುರವ್ವನ ಕಾಲು ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ; ನನ್ನ ಸ್ವಭಾವ ಅಷ್ಟು ಬೇಗ ಬಾಗುವಂಥದಲ್ಲ. ಸಂಜೆ ಅವಳು ಕೊಟ್ಟ ಹಾಲನ್ನು ಮೂಸದೆ ಕುಡಿಸಿದೆ. ಅವಳು ನೋಡಿದಳು.

ಈಗ ಹಮ್ಮಿಗಿಗೆ ಮರಳಿದ್ದೇವೆ. ಗೋಡೆ ಎದ್ದಿದೆ. ನೀಲಾಳಿಗೆ ಜ್ವರ ಇಲ್ಲ, ಹಾಸಿಗೆ ಒಣಗಿರುತ್ತದೆ, ಒಂದೂವರೆ ರೊಟ್ಟಿ ತಿನ್ನುತ್ತಾಳೆ. ದೇವರು ದೊಡ್ಡವನು, ಗುರವ್ವನೂ ದೊಡ್ಡವಳು. ಆದರೆ ಪೂರ್ತಿ ವಾಸಿಯಾಯಿತು ಎನ್ನಲು ನನಗೆ ಇನ್ನೂ ಧೈರ್ಯವಿಲ್ಲ.

ದಿನಕ್ಕೊಮ್ಮೆಯಾದರೂ ಪಡಸಾಲೆಯಿಂದ "ಅವ್ವಾ" ಎಂದು ಕರೆಯುತ್ತಾಳೆ. ಕೈಯಲ್ಲಿದ್ದದ್ದು ಬಿಟ್ಟು ಓಡುತ್ತೇನೆ. ಅವಳಿಗೆ ಏನೂ ಬೇಕಾಗಿರುವುದಿಲ್ಲ. ಸುಮ್ಮನೆ ಒಂದು ಪಕ್ಕಕ್ಕೆ ಬಾಗಿ ನನ್ನ ಹಿಂದೆ ನೋಡುತ್ತಾಳೆ, ನಾನೊಬ್ಬಳೇ ಬಂದಿದ್ದೇನೆಯೇ ಎಂದು.