ಅಕ್ಕನ ದೀಪಕ್ಕೆ ನಾನು ಮಾಡಿದ ಉಪಕಾರ

ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಅದರೊಳಗಿನ ಸಮಾಚಾರವನ್ನೆಲ್ಲ ಹೇಳಬಲ್ಲೆ ಎಂಬ ಖ್ಯಾತಿ ಅರಸೀಕೆರೆಯ ನಮ್ಮ ಮಂಡಿಯಲ್ಲಿ ನನಗುಂಟು. ಮೂವತ್ತು ವರ್ಷದ ವ್ಯಾಪಾರ ಕಲಿಸಿದ ವಿದ್ಯೆ ಅದು. ಅಷ್ಟಕ್ಕೇ ತೃಪ್ತನಾಗಿದ್ದರೆ ನಾನೂ ಮರ್ಯಾದೆಯಿಂದ ಇರುತ್ತಿದ್ದೆ, ಹಳೇಬೀಡಿನ ನಮ್ಮಕ್ಕನೂ ಬೆಳಕಿನಲ್ಲಿರುತ್ತಿದ್ದಳು. ಆದರೆ ಐವತ್ತು ದಾಟಿದ ಮೇಲೆ ಕೆಲವರಿಗೆ ತೀರ್ಥಯಾತ್ರೆಯ ಹುಚ್ಚು, ಕೆಲವರಿಗೆ ಚುನಾವಣೆಯ ಹುಚ್ಚು ಹಿಡಿಯುವಂತೆ ನನಗೆ ವೈಫೈ ಸ್ವಿಚ್ಚುಗಳ ಹುಚ್ಚು ಹಿಡಿಯಿತು.

ಈ ಹುಚ್ಚಿನವರದು ಒಂದು ಪ್ರತ್ಯೇಕ ಪಂಥವೇ, ಸ್ವಾಮಿ. ಅಂಗಡಿಯಿಂದ ತಂದ ಸ್ವಿಚ್ಚನ್ನು ತಂದಂತೆಯೇ ಗೋಡೆಗೆ ಹಾಕಿಕೊಳ್ಳುವುದು ಅಲ್ಲಿ ಹೇಡಿತನ. ಸ್ವಿಚ್ಚಿನ ಹೊಟ್ಟೆಯಲ್ಲಿ ತಯಾರಕರು ಬರೆದಿಟ್ಟ ತಂತ್ರಾಂಶವೊಂದು ಇರುತ್ತದಲ್ಲ, ಫರ್ಮ್‌ವೇರ್ ಎನ್ನುತ್ತಾರೆ, ಅದನ್ನು ಒರೆಸಿ ಹಾಕಿ ನಮಗೆ ಬೇಕಾದದ್ದನ್ನು ತುಂಬಬೇಕು. “ನಮ್ಮ ಮನೆ ದೀಪ ಯಾವುದೋ ದೇಶದ ಕಂಪ್ಯೂಟರಿನ ಅಪ್ಪಣೆ ಕೇಳಿಕೊಂಡು ಹತ್ತಬೇಕೇನ್ರೀ?” ಎಂದು ಕೊಬ್ಬರಿ ಕೊಳ್ಳಲು ಬಂದವರಿಗೂ ನಾನು ಭಾಷಣ ಮಾಡುತ್ತಿದ್ದೆ. ಅವರು ಪಾಪ, ಕೊಬ್ಬರಿಯ ದರ ಇಳಿಯಬಹುದೆಂಬ ಆಸೆಯಿಂದ ತಲೆಯಾಡಿಸುತ್ತಿದ್ದರು.

ಅಕ್ಕ ಸರೋಜ ಹಳೇಬೀಡಿನ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮದುವೆಯ ಗೊಡವೆಗೆ ಹೋಗದೆ, ಅಲ್ಲೇ ಒಂದು ಪುಟ್ಟ ಮನೆ ಕಟ್ಟಿಕೊಂಡು, ಯಾರ ಹಂಗೂ ಇಲ್ಲದೆ ಬದುಕಿದವಳು. ಮೂರು ವರ್ಷದಿಂದ ಸಂಧಿವಾತ ಅವಳ ಬೆರಳುಗಳನ್ನು ಹಿಡಿದಿದೆ. ಗೋಡೆಯ ಹಳೆಯ ಸ್ವಿಚ್ಚುಗಳು ಬಿಗಿಯಾಗಿದ್ದವು; ಒಂದೊಂದನ್ನು ಒತ್ತುವಾಗಲೂ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. ನೋಡಲಾರದೆ, ಹಾಲ್ ಮತ್ತು ಮಲಗುವ ಕೋಣೆಯ ದೀಪಗಳೆರಡಕ್ಕೂ ಸೇರಿಸಿ, ಮುಟ್ಟಿದರೆ ಸಾಕು ಎನ್ನುವ ಗಾಜಿನ ಸ್ವಿಚ್ಚೊಂದನ್ನು ಹಾಕಿಕೊಟ್ಟೆ. ಬೆಳಗ್ಗೆ ಕೈಕಾಲು ಬಿಗಿದು ಏಳಲಾಗದಿದ್ದರೆ ಹಾಸಿಗೆಯಿಂದಲೇ ಫೋನಿಗೆ ಹೇಳಿ ದೀಪ ಹಾಕಿಕೊಳ್ಳಬಹುದು. ಅಕ್ಕ ಹಿಗ್ಗಿದಳು. ನಾನು ಅವಳಿಗಿಂತ ಹೆಚ್ಚು ಹಿಗ್ಗಿದೆ. ಅಲ್ಲಿಗೆ ಬಿಡಬೇಕಿತ್ತು.

ಆದರೆ ಹಲ್ಲಿಗಳು ಬಿಡಲಿಲ್ಲ. ಗಾಜಿನ ಮೇಲೆ ಹಲ್ಲಿ ಹರಿದಾಡಿದಾಗ ಆಗೊಮ್ಮೆ ಈಗೊಮ್ಮೆ ದೀಪ ತಾನೇ ಹತ್ತುತ್ತದೆಂದು ಅಕ್ಕ ನಗುತ್ತಾ ಹೇಳಿದಳು. ನನಗದು ನಗುವ ವಿಷಯವಾಗಿ ಕಾಣಲಿಲ್ಲ. ನನ್ನ ಸ್ವಿಚ್ಚು ಹಲ್ಲಿಯ ಮಾತು ಕೇಳುವುದೆಂದರೇನು? ತಂತ್ರಾಂಶದಲ್ಲಿ ಒಂದು ಸಾಲು ಬದಲಿಸಿ, ಮುಟ್ಟಿದರೆ ಹತ್ತುವ ವ್ಯವಸ್ಥೆಯನ್ನೇ ತೆಗೆದುಬಿಟ್ಟೆ. ಇನ್ನು ಮೇಲೆ ಫೋನಿನ ಅಪ್ಪಣೆ ಮಾತ್ರ. “ಅಕ್ಕ, ಇನ್ನು ಹಲ್ಲಿ ಕಾಟ ಇಲ್ಲ” ಎಂದು ಘೋಷಿಸಿದೆ. ಹಲ್ಲಿಗಳ ಮೇಲೆ ಅಷ್ಟು ಸಂಪೂರ್ಣ ವಿಜಯ ಸಾಧಿಸಿದವರು ನಮ್ಮ ವಂಶದಲ್ಲಿ ಬೇರೆ ಯಾರೂ ಇಲ್ಲ.

ಕಳೆದ ಆಷಾಢದಲ್ಲಿ ಬೇಲೂರಿನಿಂದ ಇಂಟರ್ನೆಟ್ಟಿನವರು ಬಂದು ಅಕ್ಕನ ಮನೆಯ ಹಳೆಯ ವೈಫೈ ಡಬ್ಬಿಯನ್ನು ತೆಗೆದು ಹೊಸದನ್ನು ಇಟ್ಟುಹೋದರು. ಹೊಸ ಡಬ್ಬಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡು. ಹಳೆಯ ಹೆಸರನ್ನೇ ಜಪಿಸುತ್ತಾ ಕೂತ ಸ್ವಿಚ್ಚು ಊರಲ್ಲಿದ್ದೂ ಪರದೇಶಿಯಾಯಿತು. ಅಕ್ಕ ಫೋನು ಮಾಡಿದಳು.

“ದೀಪ ಹತ್ತುತ್ತಿಲ್ಲ ಕಣೋ ಶಿವು. ಫೋನಿನ ವೈಫೈ ಪಟ್ಟೀಲಿ ‘ಅಕ್ಕನ ದೀಪ’ ಅಂತ ಏನೋ ಹೊಸ ಹೆಸರು ಬರ್ತಿದೆ. ಅದನ್ನ ಒತ್ತಲಾ?”

“ಅಯ್ಯೋ, ಏನೂ ಮುಟ್ಬೇಡ ಅಕ್ಕ! ನಾನು ಇಲ್ಲಿಂದಲೇ ಸರಿಮಾಡ್ತೀನಿ.”

ಇಲ್ಲಿಂದಲೇ ಎಂದರೆ ಮಂಡಿಯ ಕುರ್ಚಿಯಿಂದ. ಜಾಲದಲ್ಲೇ ಇಲ್ಲದ ಸ್ವಿಚ್ಚನ್ನು ಜಾಲದ ಮೂಲಕ ಸರಿಪಡಿಸಲು ಹೊರಟವನ ಬುದ್ಧಿಯನ್ನು ನೀವೇ ಅಳೆಯಿರಿ. ದಿನಕ್ಕೊಂದು ಉಪಾಯ ಹೂಡಿದೆ. ಅಕ್ಕ ಮತ್ತೆ ಕೇಳಲಿಲ್ಲ. ಕೇಳದಿದ್ದುದನ್ನು ಅವಳ ತೃಪ್ತಿಯೆಂದೇ ಭಾವಿಸಿ, ಹನ್ನೊಂದನೆಯ ದಿನ ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಬೆಸುಗೆ ಹಾಕುವ ಕಡ್ಡಿಗಳನ್ನು ಚೀಲದಲ್ಲಿ ತುಂಬಿಕೊಂಡು ಜಾವಗಲ್ ಮಾರ್ಗದ ಬಸ್ಸು ಹತ್ತಿದೆ.

ಬಾಗಿಲಲ್ಲೇ ಎದುರಾದವಳು ಹಾಲು ಕೊಡುವ ಪುಟ್ಟಮ್ಮ. ನನ್ನ ಚೀಲವನ್ನೂ ನನ್ನನ್ನೂ ನೋಡಿದಳು.

“ಈಗ ಬಂದ್ರಾ ಅಣ್ಣೋರು? ಟೀಚರಮ್ಮ ದಿನಾ ಸಂಜೆ ಅಡ್ಗೆಮನೇಲೇ ಕೂತಿರ್ತಾರೆ. ಅಲ್ಲೊಂದೇ ಹಳೇ ಸ್ವಿಚ್ಚು ಐತೆ. ಲಟ್ಟಣಿಗೆ ತಗಂಡು ಕುಟ್ಟಿ ಹಾಕ್ಕಂತಾರೆ. ಪೇಪರ್ರೂ ಅಲ್ಲೇ, ಊಟಾನೂ ಅಲ್ಲೇ. ಎಲೆಕ್ಟ್ರಿಕ್ ಕೆಲ್ಸದೋರ್ನ ಕರ್ಕಂಡ್ ಬತ್ತೀನಿ ಅಂದ್ರೆ, ‘ಬ್ಯಾಡ, ನನ್ ತಮ್ಮ ಬೇಜಾರ್ ಮಾಡ್ಕಂತಾನೆ’ ಅಂದ್ರು.”

ಒಲೆಯ ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ಮಡಿಸಿಟ್ಟ ಶಾಲು, ಕನ್ನಡಕ, ಹನ್ನೊಂದು ದಿನದ ಪತ್ರಿಕೆಗಳು. ಇಡೀ ಮನೆಯ ಒಡತಿಯನ್ನು ನಾನು ಆ ಸ್ಟೂಲಿನಷ್ಟು ಜಾಗಕ್ಕೆ ತಂದು ನಿಲ್ಲಿಸಿದ್ದೆ. ತಪ್ಪು ಕಣ್ಣೆದುರಿಗೇ ಬಂದಾಗ ನನ್ನಂಥವರು ಮಾಡುವುದನ್ನೇ ಮಾಡಿದೆ: ಸ್ಕ್ರೂಡ್ರೈವರು ತೆಗೆದೆ.

ಮೇನ್ ಆರಿಸಿ, ಸ್ವಿಚ್ಚನ್ನು ಗೋಡೆಯಿಂದ ಬಿಚ್ಚಿ, ಗೋಡೆಯ ತಂತಿಗಳಿಗೆ ಟೇಪು ಸುತ್ತಿ ಮೇನ್ ಮತ್ತೆ ಹಾಕಿ, ಊಟದ ಮೇಜಿನ ಮೇಲೆ ಅದರ ಹೊಟ್ಟೆ ತೆರೆದೆ. ಕೂದಲೆಳೆಯಂಥ ತಂತಿಗಳನ್ನು ಬೆಸೆದು ಲ್ಯಾಪ್‌ಟಾಪಿಗೆ ಜೋಡಿಸಿ, ಹೊಸ ಡಬ್ಬಿಯ ಹೆಸರು, ಪಾಸ್‌ವರ್ಡುಗಳನ್ನು ಸೇರಿಸಿ ತಂತ್ರಾಂಶವನ್ನು ಮತ್ತೆ ತುಂಬಿದೆ. ತುಂಬುವಾಗ ಆ ಹಲ್ಲಿಯ ಸಾಲನ್ನು ಅಳಿಸಿ, ಮುಟ್ಟಿದರೆ ಹತ್ತುವ ಹಳೆಯ ವ್ಯವಸ್ಥೆಯನ್ನು ಮರಳಿ ತಂದೆ. ತಂತಿ ಬಿಡಿಸಿ, ಮತ್ತೆ ಮೇನ್ ಆರಿಸಿ ಸ್ವಿಚ್ಚನ್ನು ಗೋಡೆಗೆ ಕೂರಿಸಿ, ಮೇನ್ ಹಾಕಿದೆ. ಮುಟ್ಟಿದರೆ ದೀಪ ಹತ್ತಿತು. ಫೋನಿಗೆ ಹೇಳಿದರೆ ಹತ್ತಲಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ತುಂಬಿದೆ, ಮತ್ತೆ ಹಾಕಿದೆ. ಊಹೂಂ. ಕೊನೆಗೆ ವೈಫೈ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆನೆಂಬುದನ್ನು ಯಾರಿಗೂ ಹೇಳಬೇಡಿ.

ಅಕ್ಕ ಎರಡು ಲೋಟ ಕಾಫಿಯನ್ನು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಎರಡೂ ಅಂಗೈಗಳ ಮೇಲೆ ಹೊತ್ತು ತಂದಳು.

“ನೀನು ಮುಟ್ಬೇಡ ಅಂದಿದ್ದೆ, ಮುಟ್ಟಲಿಲ್ಲ. ಆದ್ರೆ ಆ ‘ಅಕ್ಕನ ದೀಪ’ ಈಗ್ಲೂ ಕಾಣ್ತಿದೆಯಲ್ಲೋ. ಏನದು?”

ನಾನು ಕಾಫಿಯನ್ನು ಕೆಳಗಿಟ್ಟೆ. ಜಾಲ ಸಿಗದೆ ಹೋದರೆ ಸ್ವಿಚ್ಚು ತಾನೇ ಒಂದು ಚಿಕ್ಕ ವೈಫೈ ತೆರೆದು, ‘ನನ್ನನ್ನು ಸೇರಿಸಿಕೊಳ್ಳಿ’ ಎಂದು ಕರೆಯುತ್ತಿರಲೆಂದು ವ್ಯವಸ್ಥೆ ಮಾಡಿದವನು ನಾನೇ. ಅದಕ್ಕೆ ಆ ಹೆಸರಿಟ್ಟವನೂ ನಾನೇ. ಹನ್ನೊಂದು ದಿನದಿಂದ ಅದು ಕರೆಯುತ್ತಲೇ ಇತ್ತು. ಕೇಳಿಸಿಕೊಂಡವಳು ಅಕ್ಕ ಒಬ್ಬಳೇ. ಅವಳ ಬಾಯಿ ಮುಚ್ಚಿಸಿದ್ದೆ.

“ಒತ್ತು ಅಕ್ಕ” ಎಂದೆ.

ಅವಳು ಗೆಣ್ಣಿನಿಂದ ಒತ್ತಿದಳು. ಒಂದು ಪುಟ ತೆರೆಯಿತು. ವೈಫೈ ಹೆಸರು ಆರಿಸು, ಪಾಸ್‌ವರ್ಡು ಬರೆ, ಅಷ್ಟೇ. ಡಬ್ಬಿಯ ಬೆನ್ನಿಗಂಟಿಸಿದ್ದ ಚೀಟಿಯನ್ನು ನಾನು ಓದಿದೆ, ಅವಳು ನಿಧಾನವಾಗಿ ಒತ್ತುತ್ತಾ ಹೋದಳು. ನಡುವೆ ನಿಂತಳು.

“ಕೊಡಿಲ್ಲಿ ನೋಡೋಣ.” ಕನ್ನಡಕ ಸರಿಮಾಡಿಕೊಂಡು ಚೀಟಿಯನ್ನು ದಿಟ್ಟಿಸಿದಳು. “ಇದು ಸೊನ್ನೆ ಅಲ್ಲ ಕಣೋ, ಇಂಗ್ಲಿಷಿನ ಓ. ಪಕ್ಕದಲ್ಲಿರೋ ಸೊನ್ನೆ ಸಪೂರ ಇದೆ, ಇದು ಗುಂಡಗಿದೆ. ಎರಡು ಸಲ ಬಿಚ್ಚಿ ಎರಡು ಸಲವೂ ಇದೇ ತಪ್ಪು ತುಂಬಿದೆಯೇನೋ?”

ಎರಡು ಸಲವೂ ಅದೇ. ಓ ಒತ್ತಿದಳು. ಅರ್ಧ ನಿಮಿಷ ಕಳೆಯಿತು. ‘ಅಕ್ಕನ ದೀಪ’ ಪಟ್ಟಿಯಿಂದ ಮರೆಯಾಯಿತು. ಅಕ್ಕ ಫೋನಿಗೆ, ಹಿಂದಿನ ಬೆಂಚಿನವರಿಗೂ ಕೇಳುವಂಥ ತರಗತಿಯ ದನಿಯಲ್ಲಿ ಅಪ್ಪಣೆ ಕೊಟ್ಟಳು. ಹಾಲ್ ಮತ್ತು ಮಲಗುವ ಕೋಣೆ ಒಟ್ಟಿಗೆ ಬೆಳಗಿದವು. ಸಂಜೆಯ ಹಾಲು ತಂದಿದ್ದ ಪುಟ್ಟಮ್ಮ ಹೊಸ್ತಿಲಲ್ಲಿ ನಿಂತು, “ಟೀಚರಮ್ಮನೇ ಮಾಡುದ್ರಲ್ಲ!” ಎಂದಳು. ನನ್ನ ಬೆಸುಗೆಯ ಕಡ್ಡಿ ಮೇಜಿನ ಮೇಲೆ ಇನ್ನೂ ಬಿಸಿಯಾಗಿಯೇ ಇತ್ತು.

“ಹನ್ನೊಂದು ದಿನ ಅಡುಗೆಮನೇಲೇ ಕೂತಿದ್ದೀನಿ ಅಂತ ಯಾಕೆ ಹೇಳಲಿಲ್ಲ ಅಕ್ಕ?”

“ಹೇಳಿದ್ರೆ ನೀನು ಇನ್ನೊಂದೇನಾದ್ರೂ ಕಂಡುಹಿಡಿತಿದ್ದೆ” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ನಿನ್ನ ಖುಷಿ ಯಾಕೆ ಹಾಳುಮಾಡೋದು ಅಂತ ಸುಮ್ಮನಿದ್ದೆ ಕಣೋ” ಎಂದಳು.

ಬಸ್ಸಿನಲ್ಲಿ ಹಿಂದಿರುಗುವಾಗ ಆ ಮಾತು ಜಾವಗಲ್ಲಿನವರೆಗೂ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಅಕ್ಕನನ್ನು ಇನ್ನೊಬ್ಬರ ಅಪ್ಪಣೆಯಿಂದ ಬಿಡಿಸಲು ಹೊರಟವನು ನಾನು. ಬಿಡಿಸಿ ನನ್ನ ಅಪ್ಪಣೆಗೆ ಕಟ್ಟಿಹಾಕಿದ್ದೆ. ಆ ದೂರದೇಶದ ಕಂಪ್ಯೂಟರು ಕೂಡ ಅವಳಿಗೆ ‘ಏನೂ ಮುಟ್ಬೇಡ’ ಎಂದಿರಲಿಲ್ಲ.

ತಿಂಗಳೆರಡು ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು. ಸಿಡಿಲಿಗೆ ಹೊಸ ಡಬ್ಬಿಯೂ ಸುಟ್ಟು, ಮತ್ತೊಂದು ಬಂದಿತ್ತಂತೆ. ನನ್ನ ಕೈ ತಾನಾಗಿಯೇ ಚೀಲದ ಕಡೆ ಹೋಯಿತು.

“ಈ ಭಾನುವಾರವೇ ಬರ್ತೀನಿ ಅಕ್ಕ, ಸರಿಮಾಡಿಬಿಡ್ತೀನಿ.”

“ನಾನೇ ಮಾಡ್ಕೊಂಡೆ ಕಣೋ, ಐದು ನಿಮಿಷದ ಕೆಲಸ. ಭಾನುವಾರ ಬಾ. ಚೀಲ ತರಬೇಡ, ಸುಮ್ನೆ ಬಾ.”

ಸುಮ್ಮನೆ ಅಕ್ಕನ ಮನೆಗೆ ಹೋಗಿ ಎಷ್ಟು ವರ್ಷವಾಯಿತೆಂದು ನೆನಪು ಮಾಡಿಕೊಳ್ಳಲು ಕೂತೆ. ನೆನಪಾಗಲಿಲ್ಲ. ಭಾನುವಾರ ಬರಿಗೈಯಲ್ಲಿ ಬಸ್ಸು ಹತ್ತಿದೆ. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ.