ಅತ್ತೆಯವರು ತೀರ್ಥ ನುಂಗಿದ್ದು

ನಮ್ಮತ್ತೆಯವರಿಗೆ ಲಕ್ವ ಹೊಡೆದದ್ದು ಹೋದ ವರ್ಷ, ಕಬ್ಬು ಕಡಿಯುವ ದಿನಗಳಲ್ಲಿ. ಎಡಗೈ, ಎಡಗಾಲು ಸೋತವು. ಬಾಯಿ ಒಂದಿಷ್ಟು ವಾಲಿತು. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಜೀವ ಉಳಿಸಿ ಕೊಟ್ಟರು, ಅದಕ್ಕೆ ಶಿವನಿಗೆ ಎಷ್ಟು ಕೈಮುಗಿದರೂ ಸಾಲದು. ಆದರೆ ಹೊನ್ನೂರಿನ ಮನೆಗೆ ಕರೆತಂದಾಗ ಅವರ ಮೂಗಿನಲ್ಲೊಂದು ಸಣ್ಣ ಪೈಪು ಇತ್ತು. ರಾಗಿಗಂಜಿ, ಬೇಳೆಕಟ್ಟು, ಹಾಲು ಎಲ್ಲವನ್ನೂ ಸೋಸಿ ಅದರಲ್ಲೇ ಬಿಡಬೇಕು. ಬಾಯಿಗೆ ಏನೂ ಕೊಡಬೇಡಿ, ನೀರಂತೂ ಒಂದು ಹನಿಯೂ ಬೇಡ ಎಂದು ಡಾಕ್ಟರು ಹೇಳಿದ್ದರು. ನುಂಗುವ ಶಕ್ತಿ ಕುಂದಿದೆ, ನೀರು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದಿದ್ದರು.

ನುಂಗುವುದಕ್ಕೂ ಶಕ್ತಿ ಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ನಾವು ಮುದ್ದೆ ಉಣ್ಣುವವರು, ಅಗಿಯದೆ ಗುಳುಕ್ಕೆಂದು ಇಳಿಸುವವರು. ಅದೂ ಒಂದು ವರ ಎಂದು ಈಗ ತಿಳಿದಿದೆ.

ಅತ್ತೆಯವರಿಗೆ ಹಸಿವಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಲಿಂಗಕ್ಕೆ ನೀರೆರೆದು, ತೀರ್ಥ ತೆಗೆದುಕೊಳ್ಳದೆ ಅವರು ಬಾಯಿಗೆ ಒಂದು ಅಗುಳನ್ನೂ ಹಾಕಿದವರಲ್ಲ. ಜ್ವರ ಬಂದರೂ, ಪ್ರಯಾಣವಿದ್ದರೂ ಅದೇ ನೇಮ. ಈಗ ಪೂಜೆಯಿಲ್ಲದೆ, ತೀರ್ಥವಿಲ್ಲದೆ ಮೂಗಿನಲ್ಲಿ ಗಂಜಿ ಇಳಿಯುವುದು ಅವರಿಗೆ ಸಹಿಸಲಾಗಲಿಲ್ಲ. ಎರಡು ಸಲ ಪೈಪನ್ನು ಬಲಗೈಯಿಂದ ಕಿತ್ತೇ ಹಾಕಿದರು. ಎರಡು ಸಲವೂ ಆಟೋ ಮಾಡಿಕೊಂಡು ಕೊಳ್ಳೇಗಾಲಕ್ಕೆ ಓಡಿ ಮತ್ತೆ ಹಾಕಿಸಿಕೊಂಡು ಬಂದೆವು.

"ನನ್ನ ನೇಮ ಕೆಡಿಸ್ಬುಟ್ರಿ," ಎಂದರು ಅತ್ತೆ, ತೊದಲುತ್ತ. "ಈ ಪೈಪ್ನೂ ಕೀಳ್ತೀನಿ. ಉಪಾಸಾನೇ ಓಯ್ತೀನಿ, ಓಗ್ಲಿ ಬುಡು."

ಅವರು ಹೇಳಿದ್ದನ್ನು ಮಾಡುವವರು. ನನಗೆ ಹೆದರಿಕೆಯಾಯಿತು. ಮಾರನೆಯ ಬೆಳಿಗ್ಗೆ ನನ್ನ ಪೂಜೆ ಮುಗಿಸಿ ಒಂದು ತಪ್ಪು ಮಾಡಿದೆ. ಡಾಕ್ಟರು ಬೇಡ ಎಂದದ್ದು ನೀರನ್ನು, ಇದು ತೀರ್ಥ, ಶಿವನ ಪ್ರಸಾದ ಕೇಡು ಮಾಡುವುದುಂಟೇ ಎಂದುಕೊಂಡೆ. ಅವರ ಎಡಗೈ ಲಿಂಗ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ನನ್ನ ತೀರ್ಥವನ್ನೇ ಚಿಕ್ಕ ಚಮಚದಲ್ಲಿ ತೆಗೆದುಕೊಂಡು, ದಿಂಬಿನ ಮೇಲೆ ಅವರ ತಲೆಯನ್ನು ಹಿಂದಕ್ಕೆ ವಾಲಿಸಿ, ತುಟಿಗೆ ತಾಗದಂತೆ ಬಾಯಿಗೆ ಬಿಟ್ಟೆ. ಸ್ವಲ್ಪ ಕೆಮ್ಮಿದರು. ಮುಖ ಮಾತ್ರ ಅರಳಿತು. ಆ ದಿನ ಪೈಪಿನ ಗಂಜಿಗೆ ಒಂದು ಮಾತೂ ಆಡಲಿಲ್ಲ. ನಾನು ಗೆದ್ದೆನೆಂದುಕೊಂಡೆ. ನಾಲ್ಕು ದಿನ ಹಾಗೇ ಕೊಟ್ಟೆ.

ಐದನೆಯ ದಿನ ಮೈ ಕೆಂಡವಾಯಿತು. ಎದೆಯೊಳಗೆ ಗೊರಗೊರ ಸದ್ದು. ಮತ್ತೆ ಆಸ್ಪತ್ರೆ, ಆಕ್ಸಿಜನ್, ಎಂಟು ದಿನದ ಇಂಜೆಕ್ಷನ್. ಏನಾದರೂ ಬಾಯಿಗೆ ಕೊಟ್ಟಿರಾ ಎಂದು ಕೇಳಿದ ಡಾಕ್ಟರಿಗೆ ಇಲ್ಲ ಎಂದುಬಿಟ್ಟೆ. ಸುಳ್ಳು ಹೇಳಿ ಹೊರಗೆ ಬೆಂಚಿನ ಮೇಲೆ ಕೂತು ಕಣ್ಣೀರಿಟ್ಟೆ.

ವಾರಕ್ಕೊಮ್ಮೆ ಮೈಸೂರಿನಿಂದ ಆ ಆಸ್ಪತ್ರೆಗೆ ಒಬ್ಬ ಹುಡುಗಿ ಬರುತ್ತಿದ್ದಳು. ದನಿ ಹೋದವರಿಗೆ, ನುಂಗಲಾಗದವರಿಗೆ ಅಭ್ಯಾಸ ಮಾಡಿಸುವುದು ಅವಳ ಕೆಲಸ. ಜೊತೆಗೆ ನಮ್ಮ ಕಡೆಯ ವಯಸ್ಸಾದವರು ಏನನ್ನು ಹೇಗೆ ನುಂಗುತ್ತಾರೆ ಎಂಬುದರ ಮೇಲೆ ಸಂಶೋಧನೆಯನ್ನೂ ಮಾಡುತ್ತಿದ್ದಳು. ಅತ್ತೆಯವರನ್ನು ಕೂರಿಸಿ, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಗದ್ದವನ್ನು ಎದೆಗೆ ತಾಗಿಸಿಕೊಂಡು ಉಗುಳು ನುಂಗಲು ಹೇಳುತ್ತಿದ್ದಳು. ನುಂಗಿದ ಮೇಲೆ "ಆ" ಎನ್ನಬೇಕು. ದನಿಯಲ್ಲಿ ನೀರಾಡಿದ ಸದ್ದು ಬಂದರೆ ಗಂಟಲಲ್ಲಿ ಏನೋ ಉಳಿದಿದೆ ಎಂದು ಅರ್ಥ.

ಅತ್ತೆಯವರು ಬಗ್ಗುವವರೇ? "ತಲೆ ಬಗ್ಗುಸ್ಕಂಡು ಕೂತ್ಕಳಕೆ ನಾನೇನ್ ಕಳ್ತನ ಮಾಡಿದ್ದಿನಾ ಕೂಸೆ?"

"ಕಳ್ಳತನ ಅಲ್ಲ ಅಜ್ಜಿ, ವ್ಯಾಯಾಮ."

"ಆ ಅನ್ನಲ್ಲ ನಾನು. ಶಿವಾ ಅಂತೀನಿ, ಬೇಕಾದ್ರೆ ಕೇಳ್ಕೊ."

"ಶಿವಾ ಅನ್ನಿ ಅಜ್ಜಿ, ಅದರಲ್ಲೂ ಆ ಇದೆ," ಎಂದು ಹುಡುಗಿ ನಕ್ಕಳು. ಶಿವಾ ಒಪ್ಪಿಗೆಯಾಯಿತು, ಗದ್ದ ಮಾತ್ರ ಬಗ್ಗಲಿಲ್ಲ.

ಅವಳ ಮುಂದೆ ನನಗೆ ಸುಳ್ಳು ಉಳಿಸಿಕೊಳ್ಳಲಾಗಲಿಲ್ಲ. ಕಾರಿಡಾರಿನಲ್ಲಿ ತಡೆದು ಎಲ್ಲ ಹೇಳಿದೆ. "ನಾನೇ ಮಾಡ್ದೆ ಮೇಡಂ. ತೀರ್ಥ ಕೊಟ್ಟೆ. ಅವ್ರ ಜೀವಕ್ಕೆ ನಾನೇ ಮುಳ್ಳಾದೆ."

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಪುಸ್ತಕ ತೆಗೆದು ಕೇಳತೊಡಗಿದಳು. ಎಷ್ಟು ಕೊಟ್ಟಿರಿ, ಯಾವ ಚಮಚ, ತಲೆ ಎಲ್ಲಿತ್ತು? ನಾನು ಕತ್ತು ಹಿಂದಕ್ಕೆ ಹಾಕಿ ತೋರಿಸಿದೆ.

"ಅಯ್ಯೋ ಆಂಟಿ, ಹಾಗೆ ಮಾಡಿದರೆ ಶ್ವಾಸದ ದಾರಿ ತೆರೆದುಕೊಂಡೇ ಇರುತ್ತೆ. ಇವರಿಗೆ ಅದನ್ನು ಬೇಗ ಮುಚ್ಚೋ ಶಕ್ತಿ ಇಲ್ಲ. ಮುಂಚೆಯಿಂದ್ಲೂ ಅಜ್ಜಿ ಹೀಗೇ ತಗೋತಿದ್ರಾ?"

"ಇಲ್ಲ ಮೇಡಂ. ಅವ್ರು ಅಂಗೈಲಿ ಲಿಂಗ ಇಟ್ಕಂಡು, ನೀರೆರೆದು, ಹಿಂಗೆ..." ಎಂದು ನನ್ನ ಎಡ ಅಂಗೈಯನ್ನು ಎದೆಯ ಹತ್ತಿರ ಹಿಡಿದು, ತಲೆ ಬಾಗಿಸಿ, ಅದರಲ್ಲಿನ ನೀರನ್ನು ತುಟಿಯಿಂದ ಹೀರುವಂತೆ ಮಾಡಿದೆ.

ಹುಡುಗಿ ನನ್ನನ್ನೇ ನೋಡಿದಳು. "ಇನ್ನೊಂದು ಸಲ ಮಾಡಿ." ಮಾಡಿದೆ. ಪಕ್ಕಕ್ಕೆ ಬಂದು ನನ್ನ ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳಿಟ್ಟು ನೋಡಿದಳು. "ಆಂಟಿ, ಹೋದ ವಾರದಿಂದ ನಾನು ಅಜ್ಜಿಗೆ ಹೇಳಿಕೊಡ್ತಾ ಇರೋದು ಇದನ್ನೇ!"

ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆಯವರು ಐವತ್ತು ವರ್ಷ ದಿನಾ ಬೆಳಿಗ್ಗೆ ಸರಿಯಾಗಿಯೇ ಮಾಡಿಕೊಂಡು ಬಂದದ್ದನ್ನು ಸಹಾಯ ಮಾಡುವ ಆತುರದಲ್ಲಿ ನಾನು ತಿರುಗಿಸಿಬಿಟ್ಟಿದ್ದೆ.

ಹಾಗೆಂದು ಅವಳು ತಕ್ಷಣ ಒಪ್ಪಿಗೆ ಕೊಡಲಿಲ್ಲ. ನೋಡದೆ ಏನೂ ಹೇಳುವುದಿಲ್ಲ ಎಂದಳು. ಜ್ವರ ಪೂರ್ತಿ ಇಳಿದ ಮೇಲೆ ನಮ್ಮ ಯಜಮಾನರು ಕಾರು ಗೊತ್ತು ಮಾಡಿ ಮೈಸೂರಿಗೆ ಕರೆದೊಯ್ದರು. ಅಲ್ಲೊಂದು ಎಕ್ಸ್‌ರೇ ಯಂತ್ರ, ನುಂಗುವುದನ್ನು ಸಿನಿಮಾದಂತೆ ತೋರಿಸುತ್ತದೆ. ಸುಣ್ಣದ ನೀರಿನಂಥ ಬಿಳಿ ಮದ್ದನ್ನು ಗಂಜಿಗೂ ನೀರಿಗೂ ಬೆರೆಸಿದರು. ಗಂಜಿ ನಾನೇ ಮನೆಯಿಂದ ಒಯ್ದದ್ದು.

ಗಾಜಿನಾಚೆ ನಿಂತು ನೋಡಿದೆ. ಮೊದಲು ತಲೆ ನೆಟ್ಟಗಿಟ್ಟು ಅರ್ಧ ಚಮಚ ನೀರು. ಪರದೆಯ ಮೇಲೆ ಆ ಬಿಳಿ ಮದ್ದು ಕಪ್ಪು ಎಳೆಯಾಗಿ ಕಂಡು, ಗಂಟಲಲ್ಲಿ ದಾರಿ ತಪ್ಪಿ ಮುಂದಿನ ಉಸಿರಿನ ಕೊಳವೆಗೆ ಇಣುಕಿತು. ಅತ್ತೆಯವರು ಕೆಮ್ಮಿದರು. ನಾನು ಸೆರಗು ಬಾಯಿಗೊತ್ತಿಕೊಂಡೆ. ಆಮೇಲೆ ಹುಡುಗಿ ಅವರ ಸೋತ ಕೈಯನ್ನು ಕೆಳಗಿನಿಂದ ಎತ್ತಿ ಹಿಡಿದು ಅಂಗೈಗೆ ಅಷ್ಟೇ ನೀರು ಬಿಟ್ಟಳು.

"ಅಜ್ಜಿ, ತೀರ್ಥ ತಗೊಳ್ಳೋ ಹಾಗೆ ತಗೊಳ್ಳಿ."

ಅತ್ತೆಯವರಿಗೆ ಮತ್ತೇನೂ ಹೇಳಬೇಕಾಗಲಿಲ್ಲ. ತಲೆ ತಾನಾಗಿ ಬಾಗಿತು. ಕಪ್ಪು ಎಳೆ ಒಂದು ಕ್ಷಣ ನಿಂತು, ಹಿಂದಿನ ದಾರಿ ಹಿಡಿದು ನೆಟ್ಟಗೆ ಹೊಟ್ಟೆಯ ಕಡೆ ಇಳಿದುಹೋಯಿತು. ಮತ್ತೆರಡು ಸಲ ನೋಡಿದರು, ಅದೇ ದಾರಿ. ಗಂಜಿಯೂ ಹಾಗೇ ಇಳಿಯಿತು.

ಈ ಚಿತ್ರವನ್ನು ಸಂಶೋಧನೆಗೆ ಬಳಸಿಕೊಳ್ಳಲೇ ಎಂದು ಹುಡುಗಿ ಅತ್ತೆಯವರನ್ನೇ ಕೇಳಿದಳು. ಹೆಸರು ಇರುವುದಿಲ್ಲ, ಮುಖ ಕಾಣುವುದಿಲ್ಲ, ಗಂಟಲು ಮಾತ್ರ ಎಂದು ಬಿಡಿಸಿ ಹೇಳಿದಳು.

"ಗಂಟ್ಲಾ? ಮೊದ್ಲೇ ಯೋಳ್ಬಾರ್ದಾ ಕೂಸೆ, ಗಂಟ್ಲುಗೂ ಇಬೂತಿ ಅಚ್ಕಂಡ್ ಬತ್ತಿದ್ದೆ," ಎಂದರು ಅತ್ತೆ. ಆಮೇಲೆ ಗಂಭೀರವಾದರು. "ನನ್ನಂಗೆ ಪೈಪಾಕ್ಸಂಡಿರೋರು ಇನ್ನೂ ಅವ್ರಾ?"

"ತುಂಬಾ ಜನ ಇದ್ದಾರೆ ಅಜ್ಜಿ."

"ಅಂಗಾರೆ ತೋರ್ಸು. ಅವ್ರ ಸೊಸೇರೂ ನೋಡ್ಲಿ," ಎಂದು ನನ್ನ ಕಡೆ ಒಂದು ನೋಟ ಬಿಟ್ಟು ಬಲಗೈಯಲ್ಲಿ ರುಜು ಹಾಕಿದರು. ಆ ನೋಟಕ್ಕೆ ನಾನು ಅರ್ಹಳೇ ಆಗಿದ್ದೆ.

ಹದಿನೈದು ದಿನ ಅಭ್ಯಾಸ ನಡೆಯಿತು. ಬಾಯಿ ತೊಳೆಸಿದ ಮೇಲಷ್ಟೇ ತೀರ್ಥ, ಅದೂ ಅರ್ಧ ಚಮಚಕ್ಕಿಂತ ಹೆಚ್ಚಿಲ್ಲ. ಅವರು ಬಲಗೈಯಿಂದ ತಮ್ಮ ಲಿಂಗವನ್ನು ತಾವೇ ಎಡ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದರು. ನಾನು ಆ ಕೈಯ ಕೆಳಗೆ ನನ್ನ ಕೈಯನ್ನು ಆಸರೆಯಾಗಿ ಕೊಡುತ್ತಿದ್ದೆ. ಅದೇ ಬಾಗಿದ ತಲೆಯಲ್ಲೇ ಗಂಜಿಯ ಮೊದಲ ತುತ್ತು, ಎರಡನೆಯದು, ಹತ್ತನೆಯದು. ತೂಕ ಇಳಿಯದೆ ನಿಂತಿದೆ, ಎದೆ ಶುಭ್ರವಾಗಿದೆ ಎಂದು ಖಾತ್ರಿಯಾದ ಮೇಲೆ ಕೊಳ್ಳೇಗಾಲದಲ್ಲಿ ಪೈಪು ತೆಗೆದರು. ನರ್ಸಮ್ಮ ಅದನ್ನು ಎಳೆದು ಬುಟ್ಟಿಗೆ ಹಾಕಿದಾಗ ನಾನು ಬುಟ್ಟಿಗೂ ಕೈಮುಗಿದೆನಂತೆ. ಯಜಮಾನರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಎಲ್ಲ ಸರಿಹೋಗಿದೆ ಎನ್ನಲಾರೆ. ಮುದ್ದೆ ಇನ್ನೂ ದೂರ. ಕಾಫಿಯನ್ನೂ ಗಟ್ಟಿ ಮಾಡಿಯೇ ಕೊಡಬೇಕು, ಚಮಚ ಓರೆ ಮಾಡಿದರೆ ಮೆಲ್ಲಗೆ ಜಾರುವಷ್ಟು. ಒಂದು ಲೋಟಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಲೊಕ್ಕನಹಳ್ಳಿಯ ತವರಿಗೆ ಹೋಗಿ ಎರಡು ದಿನ ಇದ್ದು ಬರಲೂ ಆಗುತ್ತಿಲ್ಲ. ಆದರೂ ಬೇಸರವಿಲ್ಲ. ಬಾಯಿಗೆ ತುತ್ತು ಹೋಗುತ್ತಿದೆ, ಬೆಳಗಿನ ನೇಮ ನಡೆಯುತ್ತಿದೆ. ನನ್ನ ತಪ್ಪನ್ನು ಶಿವ ಅತ್ತೆಯವರ ಜೀವದಿಂದ ವಸೂಲಿ ಮಾಡಲಿಲ್ಲ.

ನುಂಗುವಾಗ ಮಾತಾಡಬಾರದು ಎನ್ನುವುದು ಆ ಹುಡುಗಿ ಹಾಕಿಕೊಟ್ಟ ಇನ್ನೊಂದು ಕಟ್ಟಳೆ. ಅತ್ತೆಯವರು ಅದನ್ನು ಪಾಲಿಸುತ್ತಾರೆ. ಇಬ್ಬರೂ ಎದುರುಬದುರು ಕೂತು, ಕಾಫಿ ಮುಗಿಯುವವರೆಗೆ ಸುಮ್ಮನಿರುತ್ತೇವೆ. ಲೋಟ ಕೆಳಗಿಟ್ಟ ಮೇಲೆ, ಅರ್ಧ ಗಂಟೆ ತಡೆದಿಟ್ಟುಕೊಂಡದ್ದನ್ನೆಲ್ಲ ಸೇರಿಸಿ ನನ್ನನ್ನು ಬೈಯಲು ಶುರು ಮಾಡುತ್ತಾರೆ.