ಬಾಯಿ ಮುಚ್ಚಿಸಿದ ಸಾಲುಗಳು

ಎರಡು ಸಾವಿರದ ದಶಕದ ನಡುವೆ ಮೂರು ವರ್ಷ ನಾನು ಕಾರವಾರದ ಒಂದು ಪುನರ್ವಸತಿ ಕಚೇರಿಯಲ್ಲಿ ಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಅಂಕೋಲೆಯಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕಿತ್ತು, ಯಾಕೆಂದರೆ ಉಳಿದವರು ಬರುವಷ್ಟರಲ್ಲಿ ಸರ್ವರ್ ಶುರು ಮಾಡಿಡುವ ಕೆಲಸ ನನ್ನದು. ನೌಕಾನೆಲೆಯ ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬಗಳ ವಿವರವೆಲ್ಲ ಅದರಲ್ಲಿತ್ತು. ತೋಡೂರಿನ ಕಡೆ ಯಾರಿಗೆ ನಿವೇಶನ ಎಂಬ ಪಟ್ಟಿಯೂ ಅದರಿಂದಲೇ ಬರಬೇಕಿತ್ತು.

ಶುರು ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಸಾಲುಗಳು ಓಡತೊಡಗುತ್ತಿದ್ದವು. ಈ ಫೈಲು ಓದಿದೆ, ಆ ಭಾಗ ಜೋಡಿಸಿದೆ, ಇನ್ನೊಂದು ಸಿದ್ಧವಾಗಿದೆ. ಹೀಗೆ ಕಾಲು ಗಂಟೆ. ತಂತ್ರಾಂಶ ಮಾಡಿಕೊಟ್ಟ ಹುಬ್ಬಳ್ಳಿಯವರು, ತಾವು ಬಳಸಿದ ಸಿದ್ಧ ಚೌಕಟ್ಟಿನ, ಅಂದರೆ ಫ್ರೇಮ್‌ವರ್ಕಿನ ಸ್ವಭಾವವೇ ಹಾಗೆ, ಓದುತ್ತ ಕೂರಬೇಡಿ ಎಂದಿದ್ದರು. ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಮತ್ತೆ ಮೊದಲಿನಿಂದ. ಪರದೆಯ ಮೇಲೆ ಕಂಡದ್ದೆಲ್ಲ ಲಾಗ್ ಫೈಲಿಗೂ ಸೇರುತ್ತಿತ್ತು. ಒಂದು ದಿನ ಡಿಸ್ಕು ತುಂಬಿ ಸರ್ವರ್ ನಿಂತೇಹೋಯಿತು. ಹೊರಗೆ ವರಾಂಡದಲ್ಲಿ ಜನ ಕಾಯುತ್ತಿದ್ದರು.

ಸಾಹೇಬರು ನನ್ನ ಮೇಜಿನ ಹತ್ತಿರವೇ ಬಂದರು. "ಎಂತಾ ಇದು ದಿನಾ ರಗಳೆ? ಇದ್ರ ಬಾಯಿ ಮುಚ್ಚಿಸೂಕೆ ಬರೂದಿಲ್ಲನೆ ನಿಂಗೆ?"

ಹುಬ್ಬಳ್ಳಿಗೆ ಫೋನು ಮಾಡಿದೆ. ಯಾವ ಫೈಲಿನಲ್ಲಿ ಯಾವ ಪದ ಬದಲಿಸಬೇಕೆಂದು ಅವರು ಹೇಳಿಕೊಟ್ಟರು. "ಎಚ್ಚರಿಕೆ ಸಾಲು ಅಷ್ಟು ಇರ್ಲಿ ಮತ್ತ, ಅವನ್ನ ತಗೀಬ್ಯಾಡ್ರಿ" ಎಂದೂ ಹೇಳಿದರು. ಎರಡು ದಿನ ಹಾಗೇ ಇಟ್ಟೆ. ಆದರೆ ಎಚ್ಚರಿಕೆಗಳೇ ಎರಡು ಪರದೆ ತುಂಬುತ್ತಿದ್ದವು, ಕಣ್ಣು ಹಾಯಿಸಿದಲ್ಲೆಲ್ಲ ಈ ವಿಧಾನ ಹಳೆಯದಾಯಿತು, ಬಳಸಬೇಡಿ ಎಂಬಂಥ ಬುದ್ಧಿಮಾತು. ಮೂರನೆಯ ದಿನ ಅವನ್ನೂ ತೆಗೆದು, ದೊಡ್ಡ ತಪ್ಪಾದರೆ ಮಾತ್ರ ಹೇಳು ಎಂದು ಬರೆದಿಟ್ಟೆ. ಮರುದಿನ ಸರ್ವರ್ ಬೇಗನೆ ಎದ್ದಿತು. ಪರದೆಯ ಮೇಲೆ ಐದೇ ಸಾಲು. ಸಾಹೇಬರು ನನಗೂ ಒಂದು ಚಾ ಹೇಳಿದರು. ಮನೆಗೆ ಬಂದು ಅಮ್ಮನ ಹತ್ತಿರ ಅದನ್ನು ಎರಡು ಸಲ ಹೇಳಿಕೊಂಡೆ.

ಪ್ರತಿ ಸೋಮವಾರ ಹಾರವಾಡದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಐವತ್ತು ದಾಟಿತ್ತು, ಗಂಡನಿಲ್ಲ. ಮನೆ ಯೋಜನೆಗೆ ಹೋದ ಮೇಲೆ ತಂಗಿಯ ಮನೆಯ ಹಿಂದೆ ಇಳಿಸಿದ ಮಾಡಿನಡಿ ಇದ್ದಳು.

"ತಂಗಿ, ನನ್ನೆಸ್ರು ಬಂತನೆ?"

"ಇಲ್ಲ ಅಕ್ಕ. ಅರ್ಜಿ ಸರಿ ಕೊಟ್ಟಿದ್ಯ?"

"ನೀನೇ ಟೈಪ್ ಮಾಡ್ದೆ ಅಲ್ದೆ? ನಾ ಇಲ್ಲೇ ನಿಂತ್ಕಂಡಿದ್ದೆ."

ನಿಜ, ನಾನೇ ಟೈಪ್ ಮಾಡಿದ್ದೆ. ಆದರೆ ಹುಡುಕಿದರೆ ಸಿಗುತ್ತಿರಲಿಲ್ಲ. ಮೇಲಿನವರು ಯಾವುದೋ ಕಾರಣಕ್ಕೆ ತೆಗೆದಿರಬೇಕು ಅಂದುಕೊಂಡೆ. ವಿಚಾರಿಸ್ತೆ ಅಂದೆ. ವಿಚಾರಿಸಲಿಲ್ಲ. ಅಷ್ಟರಲ್ಲಿ ಪಟ್ಟಿಗೆ ಸಹಿಯಾಗಿ, ಚೀಟಿ ಎತ್ತಿ ನಿವೇಶನ ಹಂಚಿಯೂ ಆಯಿತು.

ಅದಾದ ಮೇಲೆ ಹುಬ್ಬಳ್ಳಿಯಿಂದ ಒಬ್ಬರು ಬೇರೇನೋ ರಿಪೇರಿಗೆ ಬಂದು, ನಾನು ಬದಲಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಿ ಸರ್ವರ್ ಶುರು ಮಾಡಿದರು. ಸಾಲುಗಳು ಓಡಿದವು. ಬೇರೆ ಕೆಲಸವಿಲ್ಲದೆ ನೋಡುತ್ತ ಕೂತಿದ್ದೆ. ಎಚ್ಚರಿಕೆಗಳ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ, ಅವಳ ಹೆಸರು ಕಂಡಿತು. ಇದೇ ಮನೆ ಸಂಖ್ಯೆಯಲ್ಲಿ ಇನ್ನೊಂದು ಕುಟುಂಬವಿದೆ, ಇದನ್ನು ಪಟ್ಟಿಗೆ ಸೇರಿಸದೆ ಬಿಟ್ಟಿದೆ ಎಂದಿತ್ತು. ಅವಳೂ ಅವಳ ಮೈದುನನೂ ಒಂದೇ ಮನೆಯನ್ನು ಎರಡು ಪಾಲು ಮಾಡಿಕೊಂಡು ಬೇರೆ ಬೇರೆ ಒಲೆ ಹಚ್ಚಿದವರು. ಮನೆ ಸಂಖ್ಯೆ ಮಾತ್ರ ಒಂದೇ. ಅವಳ ಸಾಲಿನ ಕೆಳಗೆ ಅಂಥವೇ ಇನ್ನೂ ಆರು.

ಸಾಹೇಬರಿಗೆ ತೋರಿಸಿದೆ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸಹಿ ಆಗಿ ಹೋಯ್ತಲೆ. ಈಗ ಇದನ್ನ ಎತ್ತಿದ್ರೆ ನಿಂಗೂ ತ್ರಾಸು, ನಂಗೂ ತ್ರಾಸು. ಮುಂದಿನ ಪಟ್ಟಿಲಿ ನೋಡ್ವ."

ಏಳೂ ಹೆಸರು ಬರೆದು ಅವರ ಮೇಜಿನ ಮೇಲಿಟ್ಟೆ. ಎರಡು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಹೊಸಬರು, ಅಂಥ ಕಾಗದ ಫೈಲಿನಲ್ಲಿಲ್ಲ ಎಂದರು. ಮತ್ತೆ ಬರೆದು ಕೊಟ್ಟೆ. ತೆಗೆದುಕೊಂಡರು, ಅಷ್ಟೇ.

ಒಂದು ಸೋಮವಾರ ಆ ಹೆಂಗಸಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

"ಹಂಗಾರೆ ಮಷೀನು ದಿನಾ ಹೇಳ್ತಿತ್ತು."

"ಹೌದಕ್ಕ."

"ನೀ ಕೇಳ್ಲಿಲ್ಲ."

"ಇಲ್ಲ."

ಕಾಗದಗಳನ್ನು ಪ್ಲಾಸ್ಟಿಕ್ ಚೀಲದೊಳಗೆ ಸೇರಿಸಿಕೊಂಡು ಹೋದಳು. ಮುಂದಿನ ಸೋಮವಾರ ಬಂದು ಮತ್ತೆ ಅದೇ ಪ್ರಶ್ನೆ ಕೇಳಿದಳು. ಅದರ ಮುಂದಿನ ವಾರವೂ. ಮುಂದಿನ ಪಟ್ಟಿಯಲ್ಲಿ ನೋಡೋಣ ಎಂದು ನಾನು ಸಾಹೇಬರ ಮಾತನ್ನೇ ಹೇಳುತ್ತಿದ್ದೆ. ಅಂಥ ಪಟ್ಟಿಯ ಸುದ್ದಿ ಕಚೇರಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಗುತ್ತಿಗೆ ಮುಗಿದು ನಾನು ಮನೆಯಲ್ಲಿದ್ದಾಗ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಿದಳು, ಕೈಯಲ್ಲಿ ಬಟ್ಟೆಯ ಗಂಟು. ತಂಗಿಯ ಮಗನ ಮದುವೆ ನಿಕ್ಕಿಯಾಗಿತ್ತು, ಹಿಂದಿನ ಮಾಡು ಅವರಿಗೇ ಬೇಕಂತೆ.

"ಸದಾಶಿವಗಡದಲ್ಲಿ ಒಬ್ರ ಮನೆಲಿ ಅಡಿಗೆ ಕೆಲ್ಸ. ಇರೂಕೂ ಅಲ್ಲೇ ಹೇಳಿದ್ರು."

"ಯಾರ ಮನೆ ಹೇಳಕ್ಕ. ಪಟ್ಟಿ ಬಂದ್ರೆ ತಿಳಿಸ್ತೆ."

"ಬರೂದಿಲ್ಲ ತಂಗಿ. ನಿಂಗೂ ಗೊತ್ತು."

ಕಾರವಾರದ ಬಸ್ಸು ಬಂತು. ಗಂಟನ್ನು ನಾನು ಎತ್ತಿಕೊಡಲು ಹೋದೆ, ಅವಳು ಕೊಡಲಿಲ್ಲ.